ಗಾಳಿಗೆ ಬಾಗಿಲು ಹಾಕಿಕೊಂಡಿತು: ಮೀಡಿಯೋಪ್ಯಾಸಿವ್ ಗುರುತಿಸುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಮಧ್ಯಾಹ್ನ ಜೋರಾಗಿ ಗಾಳಿ ಬೀಸುತ್ತದೆ. ಹಿತ್ತಲ ಬಾಗಿಲು ಧಡ್ ಅನ್ನುತ್ತದೆ. "ಏನದು ಸದ್ದು?" ಅಂತ ಒಳಗಿಂದ ಯಾರೋ ಕೇಳುತ್ತಾರೆ. "ಏನಿಲ್ಲ, ಗಾಳಿಗೆ ಬಾಗಿಲು ಹಾಕಿಕೊಂಡಿತು" ಅನ್ನುತ್ತೀರಿ.

ಈ ಮಾತನ್ನು ಒಂದು ಸಲ ನಿಧಾನವಾಗಿ ನೋಡಿ. ಹಾಕುವುದಕ್ಕೆ ಬಾಗಿಲಿಗೆ ಕೈಯಿಲ್ಲ. ಹಾಗಂತ "ಬಾಗಿಲು ಹಾಕಲ್ಪಟ್ಟಿತು" ಅಂತ ಮನೆಯಲ್ಲಿ ಯಾರೂ ಹೇಳುವುದಿಲ್ಲ. ಶಾಲೆಯಲ್ಲಿ ಕಲಿತ ಕರ್ತರಿಯ ಖಾನೆಗೂ ಇದು ಸೇರುವುದಿಲ್ಲ, ಕರ್ಮಣಿಯ ಖಾನೆಗೂ ಸೇರುವುದಿಲ್ಲ. ನಡುವೆ ಎಲ್ಲೋ ನಿಂತಿದೆ.

ಆ ನಡುವಿನ ಜಾಗಕ್ಕೆ ಭಾಷಾವಿಜ್ಞಾನದಲ್ಲಿ ಹೆಸರಿದೆ. ಮಾಡಿದವನಿಗೇ ಮರಳುವ ಕೆಲಸವನ್ನು ಹೇಳುವುದು ಮಿಡಲ್, ಅಂದರೆ ಮಧ್ಯಮ ಪ್ರಯೋಗ. ತನಗೆ ಆದದ್ದನ್ನು ಹೇಳುವುದು ಪ್ಯಾಸಿವ್, ಅಂದರೆ ಕರ್ಮಣಿ. ಇವೆರಡನ್ನೂ ಒಂದೇ ಕ್ರಿಯಾರೂಪ ಹೊತ್ತುಕೊಂಡರೆ ಅದು ಮೀಡಿಯೋಪ್ಯಾಸಿವ್.

ಸಂಸ್ಕೃತ, ಗ್ರೀಕ್, ರಷ್ಯನ್, ಸ್ಪ್ಯಾನಿಷ್, ಜರ್ಮನ್ ಕಲಿಯುವವರು ಇಲ್ಲಿ ಎಡವುತ್ತಾರೆ. ಕನ್ನಡಕ್ಕೆ ಅನುವಾದ ಮಾಡುವವರು ಇನ್ನೂ ಜಾಸ್ತಿ ಎಡವುತ್ತಾರೆ. ಆದರೆ ಕನ್ನಡದವರು ಎಡವಬೇಕಾಗಿಯೇ ಇಲ್ಲ, ಯಾಕೆಂದರೆ ಈ ಪ್ರಯೋಗ ನಮ್ಮ ಬಾಯಲ್ಲಿ ದಿನಕ್ಕೆ ನೂರು ಸಲ ಬರುತ್ತದೆ. ಅದಕ್ಕೇ ಈ ಮಾರ್ಗದರ್ಶಿ ಗ್ರೀಕಿನಿಂದ ಶುರುವಾಗುವುದಿಲ್ಲ. ನಮ್ಮ "ಕೊಳ್ಳು"ವಿನಿಂದ ಶುರುವಾಗುತ್ತದೆ.

ಹೆಜ್ಜೆ 1: ಫಲ ಯಾರಿಗೆ ಅಂತ ಕೇಳಿ

ಯಾವ ಭಾಷೆಯ ವಾಕ್ಯವೇ ಆಗಲಿ, ಮೊದಲು ಎರಡು ಪ್ರಶ್ನೆ ಕೇಳಿ. ಕೆಲಸ ಯಾರಿಂದ ಆಯಿತು? ಅದರ ಫಲ ಎಲ್ಲಿಗೆ ಹೋಯಿತು?

"ಅನ್ನ ಮಾಡಿದಳು" ಅಂದರೆ ಕೆಲಸ ಅವಳದು, ಫಲ ಯಾರಿಗೋ ಗೊತ್ತಿಲ್ಲ. "ಅನ್ನ ಮಾಡಿಕೊಂಡಳು" ಅಂದ ತಕ್ಷಣ ಊಟ ಅವಳದೇ ಅಂತ ಗೊತ್ತಾಗುತ್ತದೆ. ಬೇರೆ ಒಂದು ಪದವೂ ಬದಲಾಗಿಲ್ಲ. ಬರೀ ಕ್ರಿಯಾಪದ ಈ ಸುದ್ದಿ ಕೊಟ್ಟಿತು.

ಫ್ರಾನ್ಸಿನ ಭಾಷಾತಜ್ಞ ಎಮಿಲ್ ಬೆನ್ವೆನಿಸ್ಟ್ 1950ರಲ್ಲಿ ಇದನ್ನು ಚೊಕ್ಕವಾಗಿ ಬಿಡಿಸಿಟ್ಟರು. ಕರ್ತರಿಯಲ್ಲಿ ಕೆಲಸ ಕರ್ತೃವಿನಿಂದ ಹೊರಟು ಆಚೆ ನಡೆಯುತ್ತದೆ. ಮಧ್ಯಮದಲ್ಲಿ ಕರ್ತೃ ಆ ಕೆಲಸದ ಒಳಗೇ ಇರುತ್ತಾನೆ. ಈ ಒಳಗೆ–ಹೊರಗೆ ಲೆಕ್ಕ ತಲೆಯಲ್ಲಿ ಕೂತರೆ ಮುಂದಿನದು ಹಗುರ.

ಹೆಜ್ಜೆ 2: ನಿಮ್ಮದೇ "ಕೊಳ್ಳು" ಬಿಚ್ಚಿ ನೋಡಿ

ಈ ಹೆಜ್ಜೆಗೆ ಸ್ವಲ್ಪ ಹೊತ್ತು ಕೊಡಿ. ಒಂದು ಹಾಳೆ ತೆಗೆದುಕೊಂಡು ಒಂದು ದಿನ ನೀವು ಆಡಿದ "ಕೊಳ್ಳು" ಮಾತುಗಳನ್ನೆಲ್ಲ ಬರೆದಿಡಿ. ಸಂಜೆ ಹೊತ್ತಿಗೆ ಅವು ತಾವಾಗಿಯೇ ಗುಂಪಾಗುತ್ತವೆ.

ಮೊದಲ ಗುಂಪು ತನಗಾಗಿ ಮಾಡಿದ್ದು: ಟಿಕೆಟ್ ತೆಗೆದುಕೊಂಡೆ, ನಂಬರ್ ಬರೆದುಕೊಂಡೆ. ಎರಡನೆಯದು ತನ್ನ ಮೈಗೆ ಮಾಡಿದ್ದು: ತಲೆ ಬಾಚಿಕೊಂಡಳು, ಶರ್ಟ್ ಹಾಕಿಕೊಂಡ, ಕೈ ಕೊಯ್ದುಕೊಂಡೆ. ಮೂರನೆಯದರಲ್ಲಿ ಮಾಡುವವನೇ ಇಲ್ಲ: ಬೆಂಕಿ ಹೊತ್ತಿಕೊಂಡಿತು, ಗಂಟಲು ಕಟ್ಟಿಕೊಂಡಿತು, ದಾರ ಸಿಕ್ಕಿಕೊಂಡಿತು, ಬಾಗಿಲು ಹಾಕಿಕೊಂಡಿತು.

ನಾಲ್ಕನೆಯ ಗುಂಪು ನನಗೆ ತುಂಬಾ ಇಷ್ಟ. "ಕ್ಷೌರ ಮಾಡಿಸಿಕೊಂಡೆ" ಅನ್ನುತ್ತೇವೆ. ಇನ್ನೊಬ್ಬರ ಕೈಯಲ್ಲಿ, ನನಗಾಗಿ, ನಾನೇ ಬಯಸಿ ಮಾಡಿಸಿದ್ದು. ಈಗ "ಅಮ್ಮನ ಕೈಲಿ ಬೈಸಿಕೊಂಡೆ" ನೋಡಿ. ರಚನೆ ಅದೇ. ಆದರೆ ಬಯಸಿ ಯಾರು ಬೈಸಿಕೊಳ್ಳುತ್ತಾರೆ? ಬಯಕೆ ಕಳಚಿಹೋಗಿ, ಬರೀ "ನನಗೆ ಆಯಿತು" ಅನ್ನುವುದು ಉಳಿದಿದೆ. "ನಾಯಿ ಕೈಲಿ ಕಚ್ಚಿಸಿಕೊಂಡ", "ಜಾಣ ಅನ್ನಿಸಿಕೊಂಡ" ಕೂಡ ಹೀಗೆಯೇ. ಅರ್ಥದಲ್ಲಿ ಇವು ಅಪ್ಪಟ ಕರ್ಮಣಿ. ಅಂದರೆ ತನಗಾಗಿ ಮಾಡಿದ್ದರಿಂದ ಹೊರಟ ಮಾತು ತನಗೆ ಆದದ್ದಕ್ಕೆ ಬಂದು ಮುಟ್ಟಿದೆ. ಜಗತ್ತಿನ ಎಷ್ಟೋ ಭಾಷೆಗಳಲ್ಲಿ ಕರ್ಮಣಿ ಹುಟ್ಟಿದ ದಾರಿ ಇದೇ.

"ಕೊಳ್ಳು" ಅಂದರೆ ಮೂಲದಲ್ಲಿ ತೆಗೆದುಕೊಳ್ಳು, ಪಡೆ, ಹಣ ಕೊಟ್ಟು ಪಡೆ ಅಂತ. ಆ ಪೂರ್ತಿ ಕ್ರಿಯಾಪದ ಸವೆದು ಸಹಾಯಕವಾಗಿದೆ. ತಮಿಳಿನ "ಕೊಳ್", ತೆಲುಗಿನ "ಕೊನು" ಇದರ ಒಡಹುಟ್ಟು. ತೆಲುಗಿನಲ್ಲಿ "ವಂಡುಕೊನು" ಅಂದರೆ ತನಗಾಗಿ ಅಡುಗೆ ಮಾಡಿಕೊಳ್ಳುವುದು.

ಒಂದು ಎಚ್ಚರ. ಕನ್ನಡದಲ್ಲಿ ನಡುವಿನ ಜಾಗ ತುಂಬುವುದು "ಕೊಳ್ಳು" ಒಂದೇ ಅಲ್ಲ. ಕೆಲವು ಕ್ರಿಯಾಪದಗಳಿಗೆ ಏನೂ ಬೇಡ: "ಮಡಕೆ ಒಡೆದ", "ಮಡಕೆ ಒಡೆಯಿತು". ಇನ್ನು ಕೆಲವಕ್ಕೆ ಮಾಡು–ಆಗು ಜೋಡಿ: "ಅಂಗಡಿ ಶುರು ಮಾಡಿದ", "ಅಂಗಡಿ ಶುರುವಾಯಿತು". ಹಾಳೆಯಲ್ಲಿ ಇವಕ್ಕೂ ಒಂದು ಪಟ್ಟಿ ಮಾಡಿ.

ಹೆಜ್ಜೆ 3: ಮೂರು ಪರೀಕ್ಷೆ

ಒಂದು ವಾಕ್ಯ ಮಧ್ಯಮವೋ ಕರ್ಮಣಿಯೋ ಅಂತ ಅನುಮಾನ ಬಂದರೆ ಹೀಗೆ ಮಾಡಿ.

"ತಾನಾಗಿಯೇ" ಸೇರಿಸಿ. "ಬಾಗಿಲು ತಾನಾಗಿಯೇ ಹಾಕಿಕೊಂಡಿತು" ಸರಿ ಕೇಳುತ್ತದೆ. "ಬಾಗಿಲನ್ನು ತಾನಾಗಿಯೇ ಹಾಕಲಾಯಿತು" ಕೇಳುವುದಿಲ್ಲ. ಮೊದಲನೆಯದು ಮಧ್ಯಮ.

"ಬೇಕಂತಲೇ" ಸೇರಿಸಿ. ಈಗ ಉಲ್ಟಾ ಆಗುತ್ತದೆ. "ಬೇಕಂತಲೇ ಬಾಗಿಲನ್ನು ಹಾಕಲಾಯಿತು" ಅನ್ನಬಹುದು, ಯಾಕೆಂದರೆ ಮಾಡಿದವನು ಕಾಣದಿದ್ದರೂ ಹಿಂದೆ ಇದ್ದಾನೆ. "ಗಾಳಿಗೆ ಬೇಕಂತಲೇ ಬಾಗಿಲು ಹಾಕಿಕೊಂಡಿತು" ಅಂದರೆ ಕೇಳಿದವರು ಮುಖ ನೋಡುತ್ತಾರೆ.

ಮೂರನೆಯದು ವಿಭಕ್ತಿಯ ಪರೀಕ್ಷೆ. ಕನ್ನಡ ಇಲ್ಲಿ ಬಹಳ ಸೂಕ್ಷ್ಮ. ತಾನಾಗಿ ಆದದ್ದಕ್ಕೆ ಕಾರಣ ಹೇಳುವಾಗ ನಾವು ಹೆಚ್ಚಾಗಿ "ಗೆ" ಬಳಸುತ್ತೇವೆ: ಗಾಳಿಗೆ ಹಾಕಿಕೊಂಡಿತು, ಮಳೆಗೆ ಗೋಡೆ ಕುಸಿಯಿತು, ಬಿಸಿಲಿಗೆ ಬಣ್ಣ ಹೋಯಿತು. ಅನುಭವಿಸಿದ್ದಕ್ಕೆ "ಕೈಲಿ": ಮೇಷ್ಟರ ಕೈಲಿ ಹೊಡೆಸಿಕೊಂಡೆ. ಬರವಣಿಗೆಯ ಕರ್ಮಣಿಗೆ "ಇಂದ": ರಾಜನಿಂದ ಕಟ್ಟಿಸಲ್ಪಟ್ಟ ಕೋಟೆ. ವಾಕ್ಯಕ್ಕೆ ಈ ಮೂರರಲ್ಲಿ ಯಾವುದು ಒಪ್ಪುತ್ತದೆ ಅಂತ ಬಾಯಲ್ಲಿ ಆಡಿ ನೋಡಿ. ಸಾಮಾನ್ಯವಾಗಿ ನಿಮ್ಮ ಕಿವಿಯೇ ಉತ್ತರ ಹೇಳುತ್ತದೆ.

ಹೆಜ್ಜೆ 4: ಸಂಸ್ಕೃತದಲ್ಲಿ "ತೇ" ಹುಡುಕಿ

ಸಂಸ್ಕೃತ ಕ್ರಿಯಾಪದಕ್ಕೆ ಎರಡು ಸಾಲು ಪ್ರತ್ಯಯಗಳಿವೆ. "ಬೇಯಿಸುತ್ತಾನೆ" ಅನ್ನುವುದಕ್ಕೆ "ಪಚತಿ" ಅಂದರೆ ಪರಸ್ಮೈಪದ, "ಪಚತೇ" ಅಂದರೆ ಆತ್ಮನೇಪದ. ಹೆಸರೇ ಎಲ್ಲ ಹೇಳುತ್ತದೆ: ಪರರಿಗಾಗಿ, ತನಗಾಗಿ. ಎರಡೂ ಸಾಲು ಬರುವ ಧಾತುಗಳಿಗೆ ಪಾಣಿನಿ ಕೊಟ್ಟ ನಿಯಮ 1.3.72ನೇ ಸೂತ್ರ. ಕ್ರಿಯೆಯ ಫಲ ಕರ್ತೃವಿಗೇ ಸೇರುವುದಾದರೆ ಆತ್ಮನೇಪದ ಬಳಸಿ ಅಂತ ಅದರ ತಾತ್ಪರ್ಯ. ಮೊದಲ ಹೆಜ್ಜೆಯ ಪ್ರಶ್ನೆಯೇ ಇದು!

ಯಾಗ ಮಾಡಿಸಿ ಪುಣ್ಯ ಪಡೆಯುವವನು "ಯಜತೇ". ಅವನಿಗಾಗಿ ಯಾಗ ನಡೆಸಿಕೊಡುವ ಪುರೋಹಿತ "ಯಜತಿ". ಪುರೋಹಿತನಿಗೂ ದಕ್ಷಿಣೆ ಸಿಗುತ್ತದಲ್ಲ ಅಂತ ನಿಮಗನ್ನಿಸಬಹುದು. ವ್ಯಾಖ್ಯಾನಕಾರರು ಅದಕ್ಕೂ ಉತ್ತರ ಇಟ್ಟಿದ್ದಾರೆ. ಸೂತ್ರ ಹೇಳುವುದು ಕ್ರಿಯೆಯ ಮುಖ್ಯ ಫಲದ ಬಗ್ಗೆ, ಕೂಲಿಯ ಬಗ್ಗೆ ಅಲ್ಲ.

ಈಗ "ಯಜಮಾನ" ಪದ ನೋಡಿ. ಅದು "ಯಜತೇ" ಅನ್ನುವುದರ ಕೃದಂತ, ಅಂದರೆ ತನಗಾಗಿ ಯಾಗ ಮಾಡುತ್ತಿರುವವನು. ಆ "ಮಾನ" ಆತ್ಮನೇಪದದ ಗುರುತು. ನಾವು ದಿನವೂ ಬಳಸುವ "ವರ್ತಮಾನ", "ವರ್ಧಮಾನ", "ವಿದ್ಯಮಾನ" ಪದಗಳಲ್ಲೂ ಅದೇ ಕೂತಿದೆ. ಆದರೆ ಕೊನೆಯಲ್ಲಿ ಮಾನ ಕಂಡ ಕೂಡಲೇ ನಂಬಬೇಡಿ. "ವಿಮಾನ", "ಅನುಮಾನ", "ಬಹುಮಾನ" ಬೇರೆ ಧಾತುಗಳಿಂದ ಬಂದವು. "ಮಾನ" ತೆಗೆದರೆ ವರ್ತ, ವರ್ಧ, ಯಜ ಥರ ಕ್ರಿಯೆಯ ಬುಡ ಉಳಿಯಬೇಕು. ಉಳಿಯದಿದ್ದರೆ ಬಿಡಿ.

ಮುಂದಿನದು ಕರ್ಮಣಿ. ಸಂಸ್ಕೃತದಲ್ಲಿ ಕರ್ಮಣಿಗೆ ನಡುವೆ "ಯ" ಸೇರುತ್ತದೆ, ಕೊನೆಯಲ್ಲಿ ಅದೇ ಆತ್ಮನೇಪದ ಬರುತ್ತದೆ: "ಪಚ್ಯತೇ", ಬೇಯಿಸಲಾಗುತ್ತದೆ. ತನಗಾಗಿ ಮಾಡಿದ್ದು, ತನಗೆ ಆದದ್ದು, ಎರಡಕ್ಕೂ ಒಂದೇ "ತೇ". ಇದರ ಜೊತೆಗೆ ಕರ್ಮಕರ್ತರಿ ಅಂತ ಇನ್ನೊಂದಿದೆ. "ಪಚ್ಯತೇ ಓದನಃ ಸ್ವಯಮೇವ", ಅನ್ನ ತಾನೇ ಬೇಯುತ್ತಿದೆ. "ಭಿದ್ಯತೇ ಕಾಷ್ಠಂ ಸ್ವಯಮೇವ", ಕಟ್ಟಿಗೆ ತಾನೇ ಸೀಳುತ್ತಿದೆ. ಪಾಣಿನಿಯ 3.1.87ನೇ ಸೂತ್ರಕ್ಕೆ ಕೊಡುವ ಉದಾಹರಣೆಗಳು ಇವು. ಅಲ್ಲಿರುವ "ಸ್ವಯಮೇವ" ನಮ್ಮ "ತಾನಾಗಿಯೇ" ಪರೀಕ್ಷೆಯೇ ಅಲ್ವಾ? ಗಾಳಿಗೆ ಹಾಕಿಕೊಂಡ ಬಾಗಿಲಿಗೆ ನಮ್ಮ ಹಳೆಯ ವ್ಯಾಕರಣ ಆಗಲೇ ಒಂದು ಮನೆ ಕಟ್ಟಿಟ್ಟಿತ್ತು.

ಕಾವ್ಯ ಓದುವಾಗ ಮಾತ್ರ ಈ ನಿಯಮವನ್ನು ಬಿಗಿಯಾಗಿ ಹಿಡಿಯಬೇಡಿ. ನಂತರದ ಸಂಸ್ಕೃತದಲ್ಲಿ ತಿ–ತೇ ಭೇದ ಬಹಳ ಕಡೆ ಸಡಿಲವಾಗಿದೆ.

ಹೆಜ್ಜೆ 5: ಗ್ರೀಕ್‌ನಲ್ಲಿ ಒಂದು ಜಗಳ ಕೇಳಿ

ಹೋಮರನ ಇಲಿಯಡ್ ಶುರುವಾಗುವುದೇ ಒಬ್ಬ ತಂದೆಯ ಬೇಡಿಕೆಯಿಂದ. ಪೂಜಾರಿ ಕ್ರೈಸೇಸ್‌ನ ಮಗಳು ಗ್ರೀಕರ ದಂಡಿನಲ್ಲಿ ಸೆರೆಯಾಗಿದ್ದಾಳೆ. ಅವನು ಹೊನ್ನು ಹೊತ್ತು ಬರುತ್ತಾನೆ. 13ನೇ ಸಾಲು ಅವನನ್ನು "ಲೂಸೊಮೆನೋಸ್" ಅನ್ನುತ್ತದೆ, ಮಗಳನ್ನು ಬಿಡಿಸಿಕೊಳ್ಳಲು ಬಂದವನು. 29ನೇ ಸಾಲಿನಲ್ಲಿ ರಾಜ ಅಗಮೆಮ್ನಾನ್ ಹೇಳುವ ಮಾತು "ಊ ಲೂಸೋ", ಬಿಡುವುದಿಲ್ಲ.

ಇಬ್ಬರಿಗೂ ಒಂದೇ ಧಾತು. ರಾಜನದು ಕರ್ತರಿ: ಬಿಡುವುದು ಅವನ ಕೈಲಿದೆ, ಹೋಗುವುದು ಬೇರೆಯವರ ಮಗಳು. ತಂದೆಯದು ಮಧ್ಯಮ: ಅವಳು ಬಂದು ಸೇರಬೇಕಾದದ್ದು ಅವನಿಗೆ. ಕನ್ನಡಕ್ಕೆ ಇದನ್ನು ತರುವಾಗ ಒದ್ದಾಡಬೇಕಾಗಿಯೇ ಇಲ್ಲ. ಬಿಡು, ಬಿಡಿಸಿಕೊಳ್ಳು. ಇನ್ನೊಂದು ಸೊಗಸು: "ಲೂಸೊಮೆನೋಸ್"ನ "ಮೆನೋಸ್", "ಯಜಮಾನ"ದ "ಮಾನ" ಒಂದೇ ಬೇರಿನವು.

ರೂಪ ಗುರುತಿಸುವ ಬಗೆ ಹೀಗೆ. ವರ್ತಮಾನದಲ್ಲಿ "ಲೂಓ" ಕರ್ತರಿ, "ಲೂಓಮೈ" ಮಧ್ಯಮ. ಅದೇ "ಲೂಓಮೈ"ಗೆ "ನನ್ನನ್ನು ಬಿಡಲಾಗುತ್ತಿದೆ" ಅನ್ನುವ ಕರ್ಮಣಿ ಅರ್ಥವೂ ಇದೆ. ಯಾವುದು ಅಂತ ಸಂದರ್ಭ ನೋಡಿಯೇ ತಿಳಿಯಬೇಕು. ಆದರೆ ಏಒರಿಸ್ಟ್ ಅನ್ನುವ ಭೂತಕಾಲದಲ್ಲಿ ಗ್ರೀಕ್ ಎರಡನ್ನೂ ಬೇರೆ ಮಾಡುತ್ತದೆ: "ಎಲೂಸಾಮೇನ್" ಬಿಡಿಸಿಕೊಂಡೆ, "ಎಲೂಥೇನ್" ಬಿಡುಗಡೆಯಾದೆ. ಭವಿಷ್ಯದಲ್ಲೂ ಹಾಗೆಯೇ. ಹಾಗಾಗಿ ಮೀಡಿಯೋಪ್ಯಾಸಿವ್ ಅನ್ನುವ ಹೆಸರನ್ನು ಪ್ರಾಚೀನ ಗ್ರೀಕ್‌ನ ಎಲ್ಲ ಕಾಲಗಳಿಗೂ ಅಂಟಿಸಬೇಡಿ. ವಿದ್ಯಾರ್ಥಿಗಳು ಜಾಸ್ತಿ ಮಾಡುವ ತಪ್ಪು ಇದು.

ಅಭ್ಯಾಸಕ್ಕೆ ಮೂರು ಜೋಡಿ. "ಪೈಥೋ" ಒಪ್ಪಿಸುತ್ತೇನೆ, "ಪೈಥೊಮೈ" ಒಪ್ಪಿಕೊಳ್ಳುತ್ತೇನೆ. "ದಿಕಾಜೋ" ನ್ಯಾಯ ತೀರ್ಮಾನ ಕೊಡುತ್ತೇನೆ, "ದಿಕಾಜೊಮೈ" ನನ್ನ ವ್ಯಾಜ್ಯ ನಡೆಸುತ್ತೇನೆ. "ಲೂಓ" ತೊಳೆಯುತ್ತೇನೆ, "ಲೂಓಮೈ" ಸ್ನಾನ ಮಾಡುತ್ತೇನೆ. ಕೊನೆಯ ಜೋಡಿ ಮೇಲಿನ ಬಿಡಿಸುವ ಧಾತುವಲ್ಲ. ಕನ್ನಡ ಲಿಪಿಯಲ್ಲಿ ಮಾತ್ರ ಒಂದೇ ಥರ ಕಾಣುತ್ತದೆ, ಗ್ರೀಕ್ ಬರವಣಿಗೆ ಬೇರೆ.

ಹೆಜ್ಜೆ 6: "ಕರ್ತರಿ" ಇಲ್ಲದ ಕ್ರಿಯಾಪದಗಳಿಗೆ ಹೆದರಬೇಡಿ

ಕೆಲವು ಧಾತುಗಳಿಗೆ ಮಧ್ಯಮ ರೂಪ ಬಿಟ್ಟು ಬೇರೆ ಇಲ್ಲ. ಲ್ಯಾಟಿನ್ ಪಾಠಗಳಲ್ಲಿ ಇವನ್ನು ಡೆಪೊನೆಂಟ್ ಅನ್ನುತ್ತಾರೆ. ರೂಪ ಕರ್ಮಣಿಯದು, ಅರ್ಥ ಕರ್ತರಿಯದು ಅಂತ ಕಲಿಸಿ ಬಾಯಿಪಾಠ ಮಾಡಿಸುತ್ತಾರೆ. ಬಾಯಿಪಾಠ ಬೇಡ. ಅರ್ಥ ನೋಡಿ.

ಹುಟ್ಟುವುದು ಸಂಸ್ಕೃತದಲ್ಲಿ "ಜಾಯತೇ", ಲ್ಯಾಟಿನ್‌ನಲ್ಲಿ "ನಾಸ್ಕೊರ್". ಸಾಯುವುದು "ಮ್ರಿಯತೇ", "ಮೊರಿಯೊರ್". ಎರಡೂ ಭಾಷೆಯಲ್ಲಿ ಮಧ್ಯಮವೇ. ಹುಟ್ಟು ಸಾವುಗಳಲ್ಲಿ ಮನುಷ್ಯ ಕೆಲಸದ ಒಳಗಿರುತ್ತಾನೆ, ಹೊರಗೆ ನಿಂತು ಮಾಡುವುದಿಲ್ಲ.

ಕೂರುವುದು, ಮಲಗುವುದು ಇನ್ನೂ ಚೆಂದ. ಸಂಸ್ಕೃತದ "ಆಸ್ತೇ", ಗ್ರೀಕ್‌ನ "ಹೇಸ್ತೈ" ಎರಡೂ ಕೂತಿದ್ದಾನೆ. "ಶೇತೇ", "ಕೈತೈ" ಮಲಗಿದ್ದಾನೆ. ಟರ್ಕಿಯಲ್ಲಿ ಸಿಕ್ಕ, 3000 ವರ್ಷಕ್ಕೂ ಹಳೆಯದಾದ ಹಿಟ್ಟೈಟ್ ಭಾಷೆಯ ಮಣ್ಣಿನ ಹಲಗೆಗಳಲ್ಲಿ ಇದೇ ಧಾತು "ಕಿತ್ತ" ಅಂತ ಇದೆ, ಅಲ್ಲೂ ಮಧ್ಯಮ. ಇವೆಲ್ಲ ಒಂದೇ ಕುಟುಂಬದ ಭಾಷೆಗಳು, ಹಾಗಾಗಿ ಹೋಲಿಕೆ ಸಹಜ. ಆದರೆ ಆ ಕುಟುಂಬಕ್ಕೆ ಸೇರದ ನಾವು ಮನೆಗೆ ಬಂದವರಿಗೆ ಏನನ್ನುತ್ತೇವೆ? "ಕೂತ್ಕೊಳ್ಳಿ." ಮಗುವಿಗೆ? "ಮಲಕ್ಕೋ ಕಂದ." ಕನ್ನಡವೂ ಅಲ್ಲೇ "ಕೊಳ್ಳು" ತಂದು ಇಟ್ಟಿದೆ.

ಹೀಗೇ ಮುಂದುವರಿಸಿ. "ಮನ್ಯತೇ" ಅಂದುಕೊಳ್ಳುತ್ತಾನೆ. "ಸಹತೇ" ಸಹಿಸಿಕೊಳ್ಳುತ್ತಾನೆ. "ಲಭತೇ" ಪಡೆದುಕೊಳ್ಳುತ್ತಾನೆ. "ಪರಿಷ್ವಜತೇ" ತಬ್ಬಿಕೊಳ್ಳುತ್ತಾನೆ. ಎಲ್ಲ ಕಡೆ ಹೊಂದುತ್ತದೆ ಅಂತ ಹೇಳುತ್ತಿಲ್ಲ. ನಾವು "ನಿಂತ್ಕೋ" ಅನ್ನುತ್ತೇವೆ, ಸಂಸ್ಕೃತದಲ್ಲಿ "ತಿಷ್ಠತಿ" ಪರಸ್ಮೈಪದ. ಹೊಂದುವ ಕಡೆ ನೆನಪಿಗೆ ಕೊಂಡಿ ಮಾಡಿಕೊಳ್ಳಿ, ಹೊಂದದ್ದನ್ನು ಬೇರೆ ಬರೆದಿಡಿ.

ಹೆಜ್ಜೆ 7: "ತನ್ನನ್ನು" ಸವೆದು ಪ್ರತ್ಯಯವಾದ ಭಾಷೆಗಳು

ಕೆಲವು ಭಾಷೆಗಳು ಹಳೆಯ ಮಧ್ಯಮ ರೂಪ ಕಳೆದುಕೊಂಡು ಹೊಸದನ್ನು ಕಟ್ಟಿಕೊಂಡವು. ಸಾಮಗ್ರಿ ಎಲ್ಲ ಕಡೆ ಒಂದೇ, "ತನ್ನನ್ನು" ಅನ್ನುವ ಸರ್ವನಾಮ. ಹಳೆಯ ನಾರ್ಸ್ ಭಾಷೆಯ "ಸಿಕ್" ಕ್ರಿಯಾಪದಕ್ಕೆ ಅಂಟಿ ಐಸ್‌ಲ್ಯಾಂಡಿಕ್‌ನಲ್ಲಿ "ಸ್ತ್" ಆಯಿತು, ಸ್ವೀಡಿಷ್‌ನಲ್ಲಿ ಬರೀ "ಸ್" ಆಯಿತು. ಐಸ್‌ಲ್ಯಾಂಡಿಕ್‌ನಲ್ಲಿ "ಓಪ್ನಾ" ತೆರೆ, "ಓಪ್ನಾಸ್ತ್" ತೆರೆದುಕೊಳ್ಳು. ಸ್ವೀಡಿಷ್‌ನಲ್ಲಿ ಆ "ಸ್" ಪೂರ್ತಿ ಕರ್ಮಣಿಯವರೆಗೆ ಬಂದಿದೆ.

ರಷ್ಯನ್‌ನಲ್ಲಿ "ಸ್ಯ" ನೋಡಿ, ಮಾತಿನಲ್ಲಿ ಅದು "ಸ್" ಅಂತಲೋ "ತ್ಸಾ" ಅಂತಲೋ ಕೇಳುತ್ತದೆ. "ದ್ವೇರ್ ಒತ್ಕ್ರೀಲಸ್" ಬಾಗಿಲು ತೆರೆದುಕೊಂಡಿತು. "ದೋಮ್ ಸ್ತ್ರೋಯಿತ್ಸಾ" ಮನೆ ಕಟ್ಟಲಾಗುತ್ತಿದೆ. "ಸಬಾಕ ಕುಸಾಯೆತ್ಸಾ" ಆ ನಾಯಿಗೆ ಕಚ್ಚುವ ಚಾಳಿ ಇದೆ. ಕೊನೆಯದರಲ್ಲಿ "ಕೊಳ್ಳು" ಕೆಲಸಕ್ಕೆ ಬರುವುದಿಲ್ಲ. ಸ್ವೀಡಿಷ್ ಕೂಡ ಕಚ್ಚುವ ನಾಯಿಗೆ "ಸ್" ಹಚ್ಚುತ್ತದೆ. ಇದನ್ನು ಬೇರೆಯಾಗಿಯೇ ಕಲಿಯಬೇಕು.

ಸ್ಪ್ಯಾನಿಷ್‌ನಲ್ಲಿ ಅಂಟಿಲ್ಲ, ಮುಂದೆ ನಿಂತಿದೆ. "ಸೆ ವೆಂದೆ" ಅನ್ನುವ ಬೋರ್ಡು ಮನೆ ಮುಂದೆ ಇದ್ದರೆ ಮಾರಾಟಕ್ಕಿದೆ ಅಂತ ಅರ್ಥ.

ಜರ್ಮನ್‌ನ ಒಂದು ವಾಕ್ಯ ನೋಡಿ: "ದಾಸ್ ಬೂಖ್ ಲೀಸ್ಟ್ ಸಿಖ್ ಗೂಟ್." ಪದಕ್ಕೆ ಪದ ಇಟ್ಟರೆ "ಪುಸ್ತಕ ತನ್ನನ್ನು ಚೆನ್ನಾಗಿ ಓದುತ್ತದೆ". ಅರ್ಥವಿಲ್ಲ. "ಚೆನ್ನಾಗಿ ಓದಲ್ಪಡುತ್ತದೆ" ಅಂದರೂ ತಪ್ಪು. ಆದರೆ ಕನ್ನಡದ ಪುಸ್ತಕ ವಿಮರ್ಶೆಗಳಲ್ಲಿ ಸದಾ ಕಾಣುವ ಮಾತೊಂದಿದೆ: "ಪುಸ್ತಕ ಓದಿಸಿಕೊಂಡು ಹೋಗುತ್ತದೆ." ಓದು, ಇಸು, ಕೊಳ್ಳು, ಹೋಗು. ನಾಲ್ಕು ಸೇರಿ, ಓದುಗನ ಹೆಸರೇ ಎತ್ತದೆ, ಪುಸ್ತಕದ ಗುಣವನ್ನು ಹೇಳಿಬಿಟ್ಟಿವೆ. ಜರ್ಮನ್‌ಗೆ "ಗೂಟ್" ಥರದ ಒಂದು ವಿಶೇಷಣ ಬೇಕೇ ಬೇಕು. ನಮಗೆ ಅದೂ ಬೇಡ.

ಹೆಜ್ಜೆ 8: ಇಂಗ್ಲಿಷ್‌ನಲ್ಲಿ ಗುರುತೇ ಇಲ್ಲ

"ದಿ ಡೋರ್ ಓಪನ್ಡ್", "ದಿಸ್ ಬುಕ್ ಸೆಲ್ಸ್ ವೆಲ್." ರೂಪ ಕರ್ತರಿಯದೇ. ಕರ್ತೃವಿನ ಜಾಗದಲ್ಲಿ ಕೆಲಸ ಮಾಡಲಾಗದ ವಸ್ತು ಕಂಡರೆ ನಿಂತು ನೋಡಿ, "ಅದು ಮಾಡಿತೋ, ಅದಕ್ಕೆ ಆಯಿತೋ" ಅಂತ ಕೇಳಿ. ಅಷ್ಟು ಸಾಕು.

ಹೆಜ್ಜೆ 9: ಕನ್ನಡಕ್ಕೆ ತನ್ನಿ, "ಲ್ಪಡು" ಕೊನೆಗಿರಲಿ

ಅನುವಾದ ಮಾಡುವಾಗ ನಾನು ಅನುಸರಿಸುವ ಕ್ರಮ ಹೇಳುತ್ತೇನೆ. ಮೊದಲು ಬರೀ ಕ್ರಿಯಾಪದ ಸಾಕೇ ನೋಡುತ್ತೇನೆ: ಒಡೆಯಿತು, ಹರಿಯಿತು, ಬೆಂದಿತು. ಆಗದಿದ್ದರೆ "ಆಗು": ಮಾರಾಟವಾಯಿತು. ಆಮೇಲೆ "ಕೊಳ್ಳು": ತೆರೆದುಕೊಂಡಿತು. ಆಮೇಲೆ "ಇಸಿಕೊಳ್ಳು": ಬೈಸಿಕೊಂಡ. ಮಾಡಿದವನು ಇದ್ದೂ ಹೇಳಬೇಕಿಲ್ಲ ಅನ್ನುವ ಕಡೆ "ಲಾಯಿತು". ಇವು ಯಾವುವೂ ಒಗ್ಗದಿದ್ದಾಗ "ಲ್ಪಡು". ಅಷ್ಟು ಹೊತ್ತಿಗೆ ಅದರ ಅಗತ್ಯ ಬೀಳುವುದೇ ಅಪರೂಪ.

ನಾನು ಮೊದಮೊದಲು ಅನುವಾದ ಮಾಡಿದ ಒಂದು ಕಥೆಯಲ್ಲಿ "ಕಿಟಕಿ ತೆರೆಯಲ್ಪಟ್ಟಿತು" ಅಂತ ಬರೆದಿದ್ದೆ. ಮೂಲದಲ್ಲಿ ಕೋಣೆಯಲ್ಲಿ ಯಾರೂ ಇರಲಿಲ್ಲ. ನನ್ನ "ಲ್ಪಟ್ಟಿತು" ಅಲ್ಲಿಗೆ ಒಬ್ಬ ಮನುಷ್ಯನನ್ನು ತಂದು ನಿಲ್ಲಿಸಿತ್ತು. ಓದಿದ ಗೆಳೆಯ "ಯಾರು ತೆರೆದರು?" ಅಂತ ಕೇಳಿದ. ಮುಂದಿನ ಎರಡು ಪುಟ ಅವನು ಆ ಮನುಷ್ಯನನ್ನೇ ಹುಡುಕಿದ್ದ.

ಕೈ ಪಳಗಿಸಲು ನಾಲ್ಕು ವಾಕ್ಯ

"ಕಾಯಿ ಒಡೆಯಿತು." "ತಾನಾಗಿಯೇ" ಒಪ್ಪುತ್ತದೆ, ಗುರುತು ಬೇಕಿಲ್ಲ. ಮಧ್ಯಮ.

"ಊರಿನವರ ಕೈಲಿ ಹೊಗಳಿಸಿಕೊಂಡ." "ಕೈಲಿ" ಬಂದಿದೆ, ಕರ್ಮಣಿಯ ಕಡೆಗೆ ವಾಲಿದ ಮಧ್ಯಮ.

"ಸೇತುವೆಯನ್ನು ಮುಚ್ಚಲಾಯಿತು." "ಬೇಕಂತಲೇ" ಒಪ್ಪುತ್ತದೆ. ಕರ್ಮಣಿ.

"ಅವಳು ಬಾಗಿಲು ಹಾಕಿಕೊಂಡಳು." ಇಲ್ಲಿ ನಿಲ್ಲಿ. ಮೊದಲು ನೋಡಿದ "ಬಾಗಿಲು ಹಾಕಿಕೊಂಡಿತು" ವಾಕ್ಯದ ಕ್ರಿಯಾಪದವೇ ಇದು. ಅಲ್ಲಿ ಮಾಡುವವರು ಇರಲಿಲ್ಲ. ಇಲ್ಲಿ ಅವಳೇ ಮಾಡಿದ್ದಾಳೆ, ಮತ್ತು ಬಾಗಿಲಿನ ಒಳಗಡೆ ಇದ್ದಾಳೆ. "ಬಾಗಿಲು ಹಾಕಿದಳು" ಅಂದಿದ್ದರೆ ಅವಳು ಹೊರಗೂ ಇರಬಹುದಿತ್ತು.